ಮೈಲುತುತ್ತಿನಲ್ಲಿ ಎಷ್ಟು ನೀರು?

ಕಳೆದ ಬೇಸಿಗೆ ರಜೆಯಲ್ಲಿ ಊರಮನೆಯ ಅಟ್ಟವನ್ನು ಖಾಲಿ ಮಾಡುತ್ತಿದ್ದಾಗ, ನಾನು ಪ್ರಥಮ ಪಿಯುಸಿಯಲ್ಲಿದ್ದ ಕಾಲದ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಕೈಗೆ ಸಿಕ್ಕಿತು. ಗೆದ್ದಲು ರಟ್ಟನ್ನಷ್ಟೇ ತಿಂದು, ಒಳಗಿನ ಹಾಳೆಗಳನ್ನು ಏಕೋ ಉಳಿಸಿತ್ತು. ಅದರ ಒಂದು ಪುಟದಲ್ಲಿ, ಮೈಲುತುತ್ತಿನ, ಅಂದರೆ ತಾಮ್ರದ ಸಲ್ಫೇಟಿನ, ನೀಲಿ ಹರಳುಗಳನ್ನು ಕಾಯಿಸಿ ಅವುಗಳೊಳಗಿನ ನೀರನ್ನು ಅಳೆಯುವ ಪ್ರಯೋಗವಿತ್ತು. ಪಠ್ಯಕ್ರಮದಲ್ಲಿ ಇಲ್ಲದಿದ್ದರೂ ನಮ್ಮ ಉಪನ್ಯಾಸಕರು ಅದನ್ನು ಆಸೆಯಿಂದ ಮಾಡಿಸುತ್ತಿದ್ದರು. ತೆಗೆದುಕೊಂಡ ಹರಳು 2.50 ಗ್ರಾಂ, ಕಾಯಿಸಿದ ಮೇಲೆ ಉಳಿದದ್ದು 1.78 ಗ್ರಾಂ. ಅದರ ಕೆಳಗೆ, ಒಂದು ತಾಮ್ರದ ಸಲ್ಫೇಟಿಗೆ ಎಷ್ಟು ನೀರಿನ ಅಣುಗಳು ಎಂಬ ನನ್ನ ಲೆಕ್ಕ, ಲೆಕ್ಕದ ಕೊನೆಯಲ್ಲಿ 3.6 ಎಂಬ ಉತ್ತರ, ಅದನ್ನು ಪೂರ್ಣಾಂಕ ಮಾಡಿ ನಾನು ಬರೆದ 4, ಮತ್ತು ಆ ನಾಲ್ಕನ್ನು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದ 5. ಏಕೆ ಐದು ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪುಸ್ತಕದಲ್ಲಿ ಐದು ಎಂದಿದೆ, ಆದ್ದರಿಂದ ಐದು; ಅಷ್ಟಕ್ಕೇ ಆ ಪ್ರಯೋಗ ಮುಗಿದಿತ್ತು.

ಈಗ ನಾನೇ ಅದೇ ಪಾಠವನ್ನು ಹೇಳಿಕೊಡುತ್ತಿರುವುದರಿಂದ ಆ ಪುಟ ನನ್ನನ್ನು ಸುಮ್ಮನೆ ಬಿಡಲಿಲ್ಲ. ತೂಕದಿಂದ ಮೋಲಿಗೆ (ಅಂದರೆ ಕಣಗಳ ಎಣಿಕೆಗೆ), ಮೋಲಿನಿಂದ ಸೂತ್ರಕ್ಕೆ ಹೋಗುವ ಲೆಕ್ಕಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಭಾಗಾಕಾರದಲ್ಲಿ ಅಲ್ಲ, ಭಾಗಿಸಿದ ಮೇಲೆ ಬಂದ ದಶಮಾಂಶವನ್ನು ಏನು ಮಾಡಬೇಕು ಎಂಬಲ್ಲಿ. ನಾನು ಎಡವಿದ್ದೂ ಅಲ್ಲೇ. ನನ್ನನ್ನು ತಿದ್ದಿದ ಕೆಂಪು ಶಾಯಿ ಎಡವಿದ್ದೂ ಅಲ್ಲೇ.

ಮೋಲ್ ಎಂಬುದರ ಅಗತ್ಯವನ್ನು ವಿವರಿಸುವಾಗ ನಾನು ಮೊದಲು ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತೇನೆ. ಬಡಗಿಗೆ ಬೇಕಾದದ್ದು ಇಷ್ಟು ಪಟ್ಟಿಗೆ ಇಷ್ಟು ಮೊಳೆ ಎಂಬ ಎಣಿಕೆ. ಅಂಗಡಿಯವರು ಕೊಡುವುದು ಕಿಲೋ ಲೆಕ್ಕದಲ್ಲಿ. ಒಂದು ಇಂಚಿನ ಮೊಳೆಯ ಒಂದು ಕಿಲೋ ಮತ್ತು ನಾಲ್ಕು ಇಂಚಿನ ಮೊಳೆಯ ಒಂದು ಕಿಲೋ ತಕ್ಕಡಿಗೆ ಒಂದೇ ಆದರೂ ಬಡಗಿಗೆ ಒಂದೇ ಅಲ್ಲ. ಒಂದು ಮೊಳೆಯ ತೂಕ ಗೊತ್ತಿದ್ದವರು ಮಾತ್ರ ಚೀಲವನ್ನು ಬಿಚ್ಚದೆ ಎಷ್ಟು ಮೊಳೆಗಳಿವೆ ಎಂದು ಹೇಳಬಲ್ಲರು. ಪರಮಾಣುಗಳು ಒಂದಕ್ಕೊಂದು ಕೂಡಿಕೊಳ್ಳುವುದು ಎಣಿಕೆಯಲ್ಲಿ, ಆದರೆ ನಮ್ಮ ಕೈಯಲ್ಲಿರುವ ತಕ್ಕಡಿ ತೋರಿಸುವುದು ತೂಕವನ್ನು. ಈ ಎರಡರ ನಡುವಿನ ದರವೇ ಮೋಲಾರ್ ದ್ರವ್ಯರಾಶಿ, ಅಂದರೆ ಒಂದು ಮೋಲಿನ ತೂಕ. (ಮೊಳೆಗೂ ಮೋಲಿಗೂ ಇರುವ ಉಚ್ಚಾರಣೆಯ ನಂಟು ಕಾಕತಾಳೀಯವೇ ಆದರೂ ಪಾಠಕ್ಕೆ ಬಹಳ ಸಹಾಯ ಮಾಡಿದೆ.)

ನಾವು ಓದುವಾಗ, 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಕಣಗಳಿದ್ದರೆ ಅದು ಒಂದು ಮೋಲ್ ಎಂಬ ವ್ಯಾಖ್ಯೆಯನ್ನು ಉರು ಹೊಡೆಯುತ್ತಿದ್ದೆವು. 2019ರ ಮೇ 20ರಿಂದ ಆ ವ್ಯಾಖ್ಯೆ ಬದಲಾಗಿ, ಒಂದು ಮೋಲಿನಲ್ಲಿರುವ ಕಣಗಳಿಗೆ 6.02214076 × 10²³ ಎಂಬ ಸಂಖ್ಯೆಯನ್ನೇ ನಿಖರವಾಗಿ ನಿಗದಿ ಮಾಡಲಾಗಿದೆ. ಪಿಯುಸಿ ಮಟ್ಟದ ಲೆಕ್ಕಕ್ಕೆ ಇದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲ. ವ್ಯತ್ಯಾಸವಾಗುವುದು "ಯಾವುದರ ಮೋಲ್?" ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ. 32 ಗ್ರಾಂ ಆಮ್ಲಜನಕವೆಂದರೆ ಆಮ್ಲಜನಕದ ಅಣುಗಳ ಒಂದು ಮೋಲ್, ಆಮ್ಲಜನಕದ ಪರಮಾಣುಗಳ ಎರಡು ಮೋಲ್. ಸೂತ್ರ ಕಂಡುಹಿಡಿಯುವ ಲೆಕ್ಕದಲ್ಲಿ ನಮಗೆ ಬೇಕಾದದ್ದು ಯಾವಾಗಲೂ ಪರಮಾಣುಗಳ ಎಣಿಕೆಯಾದ್ದರಿಂದ, ಭಾಗಿಸಬೇಕಾದದ್ದು 16ರಿಂದ. ಆಮ್ಲಜನಕವು ಜೋಡಿಯಾಗಿಯೇ ಇರುತ್ತದೆ ಎಂದು ಹೈಸ್ಕೂಲಿನಲ್ಲಿ ಚೆನ್ನಾಗಿ ಕಲಿತ ಜಾಣ ವಿದ್ಯಾರ್ಥಿಯೇ ಇಲ್ಲಿ 32ರಿಂದ ಭಾಗಿಸಿ ತಪ್ಪುವುದನ್ನು ಪ್ರತಿ ವರ್ಷವೂ ನೋಡುತ್ತೇನೆ.

ಎಂಪಿರಿಕಲ್ ಸೂತ್ರವೆಂದರೆ ಒಂದು ಸಂಯುಕ್ತದಲ್ಲಿರುವ ಪರಮಾಣುಗಳ ಅತ್ಯಂತ ಸರಳ ಪೂರ್ಣಾಂಕ ಅನುಪಾತ. ನಮ್ಮ ರಾಜ್ಯದ್ದೇ ಎರಡು ಕಬ್ಬಿಣದ ಅದಿರುಗಳನ್ನು ತೆಗೆದುಕೊಳ್ಳೋಣ. ಸಂಡೂರು–ಬಳ್ಳಾರಿ ಕಡೆಯ ಅದಿರಿನ ಮುಖ್ಯ ಖನಿಜ ಹೆಮಟೈಟ್. 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೆ ಕುದುರೆಮುಖದಲ್ಲಿ ತೆಗೆಯುತ್ತಿದ್ದುದು ಮ್ಯಾಗ್ನಟೈಟ್. ಎರಡರಲ್ಲಿಯೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ ಮಾತ್ರ. ಶುದ್ಧ ಹೆಮಟೈಟಿನಲ್ಲಿ ಕಬ್ಬಿಣ ಶೇ. 69.94, ಶುದ್ಧ ಮ್ಯಾಗ್ನಟೈಟಿನಲ್ಲಿ ಶೇ. 72.36. ಅಂತರ ಎರಡೂವರೆಗಿಂತ ಕಡಿಮೆ. ಆದರೆ ಮ್ಯಾಗ್ನಟೈಟ್ ಅಯಸ್ಕಾಂತಕ್ಕೆ ಬಲವಾಗಿ ಅಂಟಿಕೊಳ್ಳುತ್ತದೆ, ಹೆಮಟೈಟ್ ಅಂಟುವುದಿಲ್ಲವೆಂದೇ ಹೇಳಬಹುದು.

ಮಾದರಿ 100 ಗ್ರಾಂ ಇದೆ ಎಂದುಕೊಂಡರೆ ಶೇಕಡಾವಾರುಗಳೇ ಗ್ರಾಂಗಳಾಗುತ್ತವೆ. ಹೆಮಟೈಟಿನ 69.94 ಗ್ರಾಂ ಕಬ್ಬಿಣವನ್ನು 55.85ರಿಂದ ಭಾಗಿಸಿದರೆ 1.252 ಮೋಲ್, 30.06 ಗ್ರಾಂ ಆಮ್ಲಜನಕವನ್ನು 16.00ರಿಂದ ಭಾಗಿಸಿದರೆ 1.879 ಮೋಲ್. ಚಿಕ್ಕದರಿಂದ ಎರಡನ್ನೂ ಭಾಗಿಸಿದಾಗ 1ಕ್ಕೆ 1.50. ಮ್ಯಾಗ್ನಟೈಟಿಗೆ ಇದೇ ಲೆಕ್ಕ ಮಾಡಿದರೆ 1.296 ಮತ್ತು 1.728, ಅಂದರೆ 1ಕ್ಕೆ 1.33. ತರಗತಿಯ ಅರ್ಧದಷ್ಟು ಮಂದಿ ಇಲ್ಲಿ 1.50ನ್ನು 2 ಎಂದೂ 1.33ನ್ನು 1 ಎಂದೂ ಬರೆದು ಪುಟ ತಿರುವುತ್ತಾರೆ. ಐದಕ್ಕಿಂತ ಕಡಿಮೆಯಿದ್ದರೆ ಬಿಡು, ಐದು ಅಥವಾ ಹೆಚ್ಚಿದ್ದರೆ ಒಂದು ಸೇರಿಸು ಎಂದು ಗಣಿತದ ಮೇಷ್ಟ್ರು ಹೇಳಿಕೊಟ್ಟದ್ದನ್ನು ಅವರು ನಿಷ್ಠೆಯಿಂದ ಪಾಲಿಸಿರುತ್ತಾರೆ. ಆ ನಿಯಮ ದಿನಸಿ ಬಿಲ್ಲಿನ ಪೈಸೆಗೆ ಸರಿ. ಇಲ್ಲಿ 1.50 ಎಂಬುದು ಎರಡಾಗಲು ಹೊರಟು ದಾರಿಯಲ್ಲಿ ನಿಂತ ಸಂಖ್ಯೆಯಲ್ಲ. ಅದು ಮೂರನ್ನು ಎರಡು ಪಾಲು ಮಾಡಿದಾಗ ಬರುವ ಸಂಖ್ಯೆ. ಎರಡರಿಂದ ಗುಣಿಸಿದರೆ ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ ಎಂದು ಹೆಮಟೈಟಿನ ಸೂತ್ರ ಸಿಗುತ್ತದೆ, 1.33ನ್ನು ಮೂರರಿಂದ ಗುಣಿಸಿದರೆ ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ ಎಂದು ಮ್ಯಾಗ್ನಟೈಟಿನದು ಸಿಗುತ್ತದೆ.

ಹಾಗಾದರೆ 1.02ನ್ನು 1 ಎಂದು ಒಪ್ಪಿಕೊಳ್ಳುವ ನಾವು 1.33ನ್ನು ಏಕೆ ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ, "ಅದು ದೂರವಿದೆ" ಎಂಬುದಷ್ಟೇ ಉತ್ತರವಾದರೆ ಸಾಲದು. ನಾನು ವಿದ್ಯಾರ್ಥಿಗಳಿಂದ ಲೆಕ್ಕವನ್ನು ಹಿಂದಕ್ಕೆ ಮಾಡಿಸುತ್ತೇನೆ. ಮ್ಯಾಗ್ನಟೈಟಿನಲ್ಲಿ ಒಂದು ಕಬ್ಬಿಣಕ್ಕೆ ಒಂದೇ ಆಮ್ಲಜನಕ ಇದ್ದಿದ್ದರೆ ಕಬ್ಬಿಣದ ಪಾಲು ಶೇ. 77.7 ಇರಬೇಕಾಗಿತ್ತು. ಅಳೆದಾಗ ಬಂದದ್ದು 72.4. ನೂರರಲ್ಲಿ ಐದು ಗ್ರಾಂ ಕಬ್ಬಿಣ ತಕ್ಕಡಿಯ ತಪ್ಪಿನಿಂದ ಮಾಯವಾಯಿತೆಂದು ಹೇಳುವಷ್ಟು ಕೆಟ್ಟ ತಕ್ಕಡಿ ಯಾವ ಪ್ರಯೋಗಾಲಯದಲ್ಲೂ ಇರುವುದಿಲ್ಲ. ಪೂರ್ಣಾಂಕ ಮಾಡುವಾಗ ನಾವು ನಿಜವಾಗಿ ಮಾಡುತ್ತಿರುವುದು, "ಇಷ್ಟು ವ್ಯತ್ಯಾಸ ಅಳತೆಯ ದೋಷದಿಂದ ಬಂದಿರಬಹುದು" ಎಂಬ ಆಪಾದನೆಯನ್ನು. ಆಪಾದನೆ ಮಾಡುವವರ ಬಳಿ ಆಧಾರವಿರಬೇಕು.

ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ಅದು ಕೊನೆಯಲ್ಲಿ ಅಲ್ಲ, ಮೊದಲಲ್ಲೇ ಆಗುತ್ತದೆ, ಮತ್ತು ಸಿಕ್ಕಿಬೀಳುವುದೇ ಇಲ್ಲ. ನೆಲ್ಲಿಕಾಯಿ, ನಿಂಬೆಯಲ್ಲಿರುವ ಸಿ ಜೀವಸತ್ವವನ್ನು ನೋಡಿ: ಇಂಗಾಲ ಶೇ. 40.92, ಜಲಜನಕ 4.58, ಆಮ್ಲಜನಕ 54.50, ಮೋಲಾರ್ ದ್ರವ್ಯರಾಶಿ ಸುಮಾರು 176. ಬಾಯಿಲೆಕ್ಕಕ್ಕೆ ಸುಲಭವಾಗಲೆಂದು ಒಬ್ಬ ಹುಡುಗ ಮೊದಲ ಸಾಲಿನಲ್ಲೇ 41, 5, 54 ಎಂದು ಬರೆದುಕೊಂಡಿದ್ದ. ಕೂಡಿದರೆ ನೂರೇ ಆಗುವುದರಿಂದ ಅವನಿಗೆ ಸಂಶಯವೇ ಬರಲಿಲ್ಲ. 12, 1, 16ರಿಂದ ಭಾಗಿಸಿದಾಗ 3.42, 5, 3.38, ಅನುಪಾತ 1.01ಕ್ಕೆ 1.48ಕ್ಕೆ 1. ಇದನ್ನು ಒಂದೂವರೆ ಎಂದು ಸರಿಯಾಗಿಯೇ ಗುರುತಿಸಿ, ಎರಡರಿಂದ ಗುಣಿಸಿ, ಎರಡು ಇಂಗಾಲ, ಮೂರು ಜಲಜನಕ, ಎರಡು ಆಮ್ಲಜನಕ ಎಂದು ಬರೆದ. ಆ ಸೂತ್ರದ ತೂಕ 59. ಅಣುಸೂತ್ರಕ್ಕಾಗಿ, ಅಂದರೆ ಒಂದು ಅಣುವಿನಲ್ಲಿ ನಿಜವಾಗಿ ಇರುವ ಪರಮಾಣುಗಳ ಎಣಿಕೆಗಾಗಿ, 176ನ್ನು 59ರಿಂದ ಭಾಗಿಸಿದರೆ 2.98, ಅಂದರೆ ಮೂರು. ಆರು ಇಂಗಾಲ, ಒಂಬತ್ತು ಜಲಜನಕ, ಆರು ಆಮ್ಲಜನಕ ಎಂಬ ಉತ್ತರದ ಕೆಳಗೆ ಎರಡು ಗೆರೆ ಎಳೆದು ಕೊಟ್ಟಿದ್ದ.

ನಿಜವಾದ ಉತ್ತರದಲ್ಲಿ ಜಲಜನಕ ಎಂಟು. 4.58ನ್ನು 1.008ರಿಂದ ಭಾಗಿಸಿದರೆ 4.54, ಇಂಗಾಲ ಮತ್ತು ಆಮ್ಲಜನಕ ಎರಡೂ 3.41. ಅನುಪಾತ 1ಕ್ಕೆ 1.33ಕ್ಕೆ 1, ಮೂರರಿಂದ ಗುಣಿಸಿದರೆ ಮೂರು, ನಾಲ್ಕು, ಮೂರು, ಅದರ ತೂಕ 88, 176 ಅದರ ಇಮ್ಮಡಿ. ಹುಡುಗನ ಲೆಕ್ಕದಲ್ಲಿ ಪ್ರತಿ ಹೆಜ್ಜೆಯೂ ಸರಿ, ಮೊದಲ ಸಾಲು ಮಾತ್ರ ತಪ್ಪು, ಮತ್ತು ಮೋಲಾರ್ ದ್ರವ್ಯರಾಶಿಯ ತಾಳೆಯೂ ಅವನನ್ನು ಎಚ್ಚರಿಸಲಿಲ್ಲ. ಹೀಗಾಗಲು ಕಾರಣ ಜಲಜನಕದ ಹಗುರತನ. 40.92 ಎಂಬುದನ್ನು 41 ಮಾಡಿದರೆ ಇಂಗಾಲದ ಎಣಿಕೆ ನೂರಕ್ಕೆ ಕಾಲರಷ್ಟೂ ಅಲುಗುವುದಿಲ್ಲ, 4.58ನ್ನು 5 ಮಾಡಿದರೆ ಜಲಜನಕದ ಎಣಿಕೆ ನೂರಕ್ಕೆ ಒಂಬತ್ತರಷ್ಟು ಏರಿಬಿಡುತ್ತದೆ. ತೂಕದಲ್ಲಿ ಬಡವನಾದ ಧಾತುವೇ ಎಣಿಕೆಯಲ್ಲಿ ಸಿರಿವಂತ, ಆದ್ದರಿಂದ ಅದರ ದಶಮಾಂಶಗಳನ್ನು ಕಡೆಗಣಿಸಬಾರದು. ಅಂದಹಾಗೆ, ಆ ಹುಡುಗನ ಉತ್ತರವನ್ನು ಲೆಕ್ಕ ನೋಡದೆಯೇ ಸಂಶಯಿಸಲು ದಾರಿಯಿತ್ತು: ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ ಇರುವ ಸಾಮಾನ್ಯ ಸ್ಥಿರ ಅಣುಗಳಲ್ಲಿ ಜಲಜನಕದ ಸಂಖ್ಯೆ ಸಮಸಂಖ್ಯೆಯಾಗಿರುತ್ತದೆ. ಒಂಬತ್ತು ಎಂದು ಕಂಡಕೂಡಲೇ ಹುಬ್ಬೇರಿಸಬೇಕಾಗಿತ್ತು.

ಈ ಶೇಕಡಾವಾರುಗಳು ಎಲ್ಲಿಂದ ಬಂದವು ಎಂಬುದನ್ನು ಪ್ರಶ್ನೆಪತ್ರಿಕೆಗಳು ಹೇಳುವುದಿಲ್ಲ; ಹೇಳಿದ್ದರೆ ದಶಮಾಂಶಗಳ ಮೇಲೆ ಗೌರವ ಹೆಚ್ಚುತ್ತಿತ್ತು. ಜರ್ಮನಿಯ ಲೀಬಿಗ್ 1831ರಲ್ಲಿ ರೂಪಿಸಿದ ಉಪಕರಣದಲ್ಲಿ ಸಾವಯವ ವಸ್ತುವನ್ನು ಸುಟ್ಟು, ಹೊರಬಂದ ನೀರಾವಿಯನ್ನು ಕ್ಯಾಲ್ಸಿಯಂ ಕ್ಲೋರೈಡಿನಲ್ಲೂ ಇಂಗಾಲದ ಡೈಆಕ್ಸೈಡನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲೂ ಹಿಡಿದು ತೂಗುತ್ತಿದ್ದರು. ಜಲಜನಕವನ್ನು ಯಾರೂ ನೇರವಾಗಿ ತೂಗುವುದಿಲ್ಲ. ಸಿಕ್ಕ ನೀರಿನ ಸುಮಾರು ಒಂಬತ್ತರಲ್ಲೊಂದು ಪಾಲು ಅದರದ್ದೆಂದು ಲೆಕ್ಕ ಹಾಕುತ್ತಾರೆ. ಆಮ್ಲಜನಕವನ್ನಂತೂ ಅಳೆಯುತ್ತಲೇ ಇರಲಿಲ್ಲ, ನೂರರಲ್ಲಿ ಉಳಿದದ್ದೆಲ್ಲ ಅದರ ಪಾಲು. ಮಿಕ್ಕ ಅಳತೆಗಳ ತಪ್ಪುಗಳೆಲ್ಲ ಬಂದು ಕೂರುವುದೂ ಅದರ ಹೆಗಲ ಮೇಲೆ.

ಅಳತೆ ಎಷ್ಟೇ ಚೆನ್ನಾಗಿದ್ದರೂ ಭಾಜಕ, ಅಂದರೆ ಪರಮಾಣು ತೂಕ, ತಪ್ಪಿದ್ದರೆ ಸೂತ್ರ ಸಿಗುವುದಿಲ್ಲ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧವೇ ಸಾಕ್ಷಿ. ನೀರಿನಲ್ಲಿ ಒಂದು ಜಲಜನಕ, ಒಂದು ಆಮ್ಲಜನಕ ಎಂದು ಡಾಲ್ಟನ್ ಭಾವಿಸಿದ್ದ. ಆಮ್ಲಜನಕ ಕೆಲವರಿಗೆ 8, ಕೆಲವರಿಗೆ 16. ಇಂಗಾಲ ಕೆಲವರಿಗೆ 6, ಕೆಲವರಿಗೆ 12. ವಿನೆಗರಿನ ಅಸಿಟಿಕ್ ಆಮ್ಲವೊಂದಕ್ಕೇ ಆಗ ಚಲಾವಣೆಯಲ್ಲಿದ್ದ 19 ಸೂತ್ರಗಳನ್ನು ರಸಾಯನಶಾಸ್ತ್ರಜ್ಞ ಕೆಕ್ಯುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದ್ದಾನೆ. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ, ಒಂದೇ ಉಷ್ಣತೆ, ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಅವೊಗಾಡ್ರೊ 1811ರಲ್ಲೇ ಹೇಳಿದ್ದ ಮಾತನ್ನು ಹಿಡಿದು ಕ್ಯಾನಿಜಾರೊ ಪರಮಾಣು ತೂಕಗಳನ್ನು ಒಪ್ಪ ಮಾಡಿಕೊಟ್ಟ ಮೇಲೆ ಈ ಗೊಂದಲ ತಿಳಿಯಾಗತೊಡಗಿತು. ಇಂದು ಆವರ್ತಕ ಕೋಷ್ಟಕದಿಂದ ಒಂದು ಕ್ಷಣದಲ್ಲಿ ನೋಡಿಕೊಳ್ಳುವ 16.00 ಎಂಬ ಸಂಖ್ಯೆಗಾಗಿ ಅರ್ಧ ಶತಮಾನ ಜಗಳವಾಗಿತ್ತು.

ನನ್ನ ರೆಕಾರ್ಡ್ ಪುಸ್ತಕಕ್ಕೆ ಮರಳುತ್ತೇನೆ. ಮೈಲುತುತ್ತಿನಲ್ಲಿ ಒಂದು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣುಗಳು ಹರಳಿನೊಳಗೆ ಕಟ್ಟಿಕೊಂಡಿರುತ್ತವೆ. ನನ್ನ ಲೆಕ್ಕ ಹೀಗಿತ್ತು: ಹೋದ ನೀರು 0.72 ಗ್ರಾಂ, 18.02ರಿಂದ ಭಾಗಿಸಿದರೆ 0.0400 ಮೋಲ್, ಉಳಿದ ಬಿಳಿಯ ಪುಡಿ 1.78 ಗ್ರಾಂ, 159.6ರಿಂದ ಭಾಗಿಸಿದರೆ 0.01115 ಮೋಲ್, ಅನುಪಾತ 3.6. ಅಂಕಗಣಿತದಲ್ಲಿ ಲೋಪವಿಲ್ಲ. ನೀರೆಲ್ಲ ಹೋಗಿದ್ದರೆ ಉಳಿಯಬೇಕಾಗಿದ್ದದ್ದು 1.60 ಗ್ರಾಂ. 0.18 ಗ್ರಾಂನ ವ್ಯತ್ಯಾಸವನ್ನು ನಮ್ಮ ಹಳೆಯ ತಕ್ಕಡಿಯ ಮೇಲೆ ಹೊರಿಸಲು ನನಗೆ ಮನಸ್ಸು ಬರಲಿಲ್ಲ. ತೂಕದ ಪೆಟ್ಟಿಗೆಯ ಚಿಮಟ ಹಿಡಿದು ಮಿಲಿಗ್ರಾಂ ತೂಕಗಳನ್ನು ಏರಿಸಿ ಇಳಿಸಿ ತೂಗಿದ್ದು ನೆನಪಿತ್ತು.

ಆಮೇಲೆ ಹೊಳೆದದ್ದು, ಆ ದಿನ ಪ್ರಯೋಗಾಲಯದಲ್ಲಿ ಗ್ಯಾಸ್ ಮುಗಿದು ನಾವೆಲ್ಲ ಸ್ಪಿರಿಟ್ ದೀಪದ ಮೇಲೆ ಕಾಯಿಸಿದ್ದೆವು ಎಂಬುದು. ಮೈಲುತುತ್ತಿನ ಐದು ನೀರುಗಳೂ ಒಟ್ಟಿಗೆ ಹೊರಡುವುದಿಲ್ಲ. ನಾಲ್ಕು ಅಣುಗಳು ಸುಮಾರು 110 ಡಿಗ್ರಿಯೊಳಗೆ ಹಂತಹಂತವಾಗಿ ಹೋಗುತ್ತವೆ; ಐದನೆಯದು 200 ಡಿಗ್ರಿ ಸಮೀಪಿಸುವವರೆಗೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ನಾಲ್ಕೇ ನೀರು ಹೋಗಿ ಒಂದು ಉಳಿದ ವಸ್ತುವಿನ ಮೋಲಾರ್ ದ್ರವ್ಯರಾಶಿ 177.6. 2.50 ಗ್ರಾಂ ಹರಳಿನಿಂದ ಅದು ಎಷ್ಟು ಬರಬೇಕು ಎಂದು ಲೆಕ್ಕ ಹಾಕಿದರೆ 1.78 ಗ್ರಾಂ! ನನ್ನ ಬಟ್ಟಲಿನಲ್ಲಿ ಇದ್ದದ್ದು ಅರೆಬರೆ ಒಣಗಿದ ಏನೋ ಒಂದು ಮಿಶ್ರಣವಲ್ಲ, ಹೆಚ್ಚುಕಡಿಮೆ ಒಂದು ನೀರಿನ ಶುದ್ಧ ಸಂಯುಕ್ತವೇ. ನಾನು ಅದನ್ನು ನೀರಿಲ್ಲದ್ದೆಂದು ತಪ್ಪು ತಿಳಿದು 159.6ರಿಂದ ಭಾಗಿಸಿದ್ದೆ. "ಯಾವುದರ ಮೋಲ್?" ಎಂಬ ಪ್ರಶ್ನೆಯನ್ನು ಅಂದು ನಾನೂ ಕೇಳಿಕೊಂಡಿರಲಿಲ್ಲ.

ಶಂಕೆ ಪರಿಹಾರಕ್ಕಾಗಿ ಕಾಲೇಜು ತೆರೆದ ಮೊದಲ ವಾರವೇ ಹರಳುಗಳನ್ನು ಮೊದಲು 130 ಡಿಗ್ರಿಯ ಒಲೆಯಲ್ಲಿಟ್ಟು ತೂಗಿದೆ, ಬಳಿಕ ಬರ್ನರಿನ ಮೇಲೆ ಕಾಯಿಸಿ ತೂಗಿದೆ. ಸ್ಥಿರ ತೂಕ ಎರಡು ಬೇರೆ ಬೇರೆ ಕಡೆ ಬಂದಿತು, ಮೊದಲನೆಯದು 1.78ರ ಬಳಿ, ಎರಡನೆಯದು 1.60ರ ಬಳಿ. ಬಣ್ಣ ನೋಡಿ ನಿರ್ಧರಿಸುವುದು ಅಪಾಯ ಎಂಬುದೂ ಆಗ ಕಣ್ಣಿಗೆ ಬಿತ್ತು, ಏಕೆಂದರೆ ಒಂದು ನೀರು ಉಳಿದಿರುವ ಪುಡಿಯೂ ಬಹುಮಟ್ಟಿಗೆ ಬೆಳ್ಳಗೇ ಕಾಣುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಇನ್ನೊಂದು ತೊಡಕಿದೆ: ಬಿಸಿ ಬಟ್ಟಲನ್ನು ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಲ್ಲಿ) ಇಡದೆ ಮೇಜಿನ ಮೇಲೆ ಆರಲು ಬಿಟ್ಟರೆ ಪುಡಿ ಗಾಳಿಯ ತೇವವನ್ನು ಹೀರಿ ಮತ್ತೆ ನೀಲಿಯಾಗತೊಡಗುತ್ತದೆ, ಉತ್ತರ ಐದಕ್ಕಿಂತ ಕೆಳಗಿಳಿಯುತ್ತದೆ. ಅವಸರದಲ್ಲಿ ಕಾಯಿಸಿ ಹರಳು ಸಿಡಿದು ಹೊರಗೆ ಹಾರಿದರೆ, ಹಾರಿದ್ದೂ ನೀರೆಂದೇ ಲೆಕ್ಕವಾಗಿ ಉತ್ತರ ಐದನ್ನು ಮೀರುತ್ತದೆ. ಈಗ ನನ್ನ ತರಗತಿಯಲ್ಲಿ 4.3 ಬಂದವರು 4.3 ಎಂದೇ ಬರೆದು, ಏಕೆ ಕಡಿಮೆ ಬಂದಿತೆಂದು ಎರಡು ಸಾಲು ಬರೆಯಬೇಕು. ಮೊದಮೊದಲು ಎಲ್ಲರ ರೆಕಾರ್ಡಿನಲ್ಲೂ 4.98 ಬರುತ್ತಿತ್ತು, ಅದೇನು ಪವಾಡವೋ.

ಈ ಕಥೆಯನ್ನು ಊರಿನಲ್ಲಿ ಅಪ್ಪಯ್ಯನಿಗೆ ಹೇಳಿದಾಗ, ಅವರು ಹಿಡಿದದ್ದು ಬೇರೆಯದೇ ಎಳೆಯನ್ನು. ನಮ್ಮದು ಅಡಿಕೆ ತೋಟ; ಮೈಲುತುತ್ತು ನಮ್ಮಲ್ಲಿ ಪ್ರಯೋಗಾಲಯದ ವಸ್ತುವಲ್ಲ, ಮಳೆಗಾಲದ ಖರ್ಚು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು ಹುಟ್ಟಿದ ಬೋರ್ಡೋ ದ್ರಾವಣವನ್ನು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದಂದಿನಿಂದ ಈ ಕಡೆಯ ತೋಟಗಳಿಗೆ ಅದೇ ಆಧಾರ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಒಂದು ಕಿಲೋ ಮೈಲುತುತ್ತಿನಲ್ಲಿ 361 ಗ್ರಾಂ ನೀರೇ ಎಂದು ಕೇಳಿದ ಅಪ್ಪಯ್ಯ, "ಹಾಗಾದರೆ ಇಷ್ಟು ವರ್ಷ ನೀರಿಗೂ ದುಡ್ಡು ಕೊಟ್ಟೆವು" ಎಂದರು. ತಾಮ್ರ ಎಷ್ಟು ಎಂದು ಕೇಳಿದರು. 254 ಗ್ರಾಂ ಎಂದೆ.

ಉತ್ಸಾಹ ಬಂದು ಸುಣ್ಣದ ಲೆಕ್ಕವನ್ನೂ ಮಾಡಿ ತೋರಿಸಿದೆ. ಒಂದು ಕಿಲೋ ಮೈಲುತುತ್ತೆಂದರೆ 4.0 ಮೋಲ್. ನಡೆಯುವ ಕ್ರಿಯೆಯನ್ನು ಸರಳಗೊಳಿಸಿ ಒಂದಕ್ಕೆ ಒಂದು ಎಂದುಕೊಂಡರೆ ಅರಳಿದ ಸುಣ್ಣವೂ 4.0 ಮೋಲ್ ಸಾಕು, 74.1ರಿಂದ ಗುಣಿಸಿದರೆ 296 ಗ್ರಾಂ. ನಾವು ಹಾಕುವುದು ಒಂದು ಕಿಲೋ, ಅಂದರೆ ಹದಿಮೂರೂವರೆ ಮೋಲ್, ಮೂರು ಪಟ್ಟಿಗೂ ಹೆಚ್ಚು. ಕಾಗದವನ್ನು ನೋಡಿದ ಅಪ್ಪಯ್ಯ, "ನಿನ್ನ ಲೆಕ್ಕದ ಸುಣ್ಣ ಯಾವ ಅಂಗಡಿಯಲ್ಲಿ ಸಿಗುತ್ತದೆ?" ಎಂದು ಕೇಳಿದರು. ಪೇಟೆಯಿಂದ ಬರುವ ಸುಣ್ಣದಲ್ಲಿ ಕಲ್ಲು, ಮಣ್ಣು ಇರುತ್ತದೆ. ತಿಂಗಳುಗಟ್ಟಲೆ ಬಾಯಿಬಿಟ್ಟು ನಿಂತ ಚೀಲದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಒಂದಷ್ಟು ಪಾಲು ಸೀಮೆಸುಣ್ಣವೇ ಆಗಿಬಿಟ್ಟಿರುತ್ತದೆ. ಸುಣ್ಣ ಕಡಿಮೆಯಾಗಿ ದ್ರಾವಣದಲ್ಲಿ ಕರಗಿದ ತಾಮ್ರ ಉಳಿದರೆ ಎಳೆಯ ಕಾಯಿ ಸುಟ್ಟುಹೋಗುತ್ತದೆ. ಆದ್ದರಿಂದ ಅವರು ಲೆಕ್ಕವನ್ನು ನಂಬದೆ, ಡ್ರಮ್ಮಿನ ದ್ರಾವಣದಲ್ಲಿ ಹೊಳೆಯುವ ಚೂರಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸುರಿಯುತ್ತಾರೆ. ಚೂರಿ ಬೆಳ್ಳಗೇ ಬಂದ ಮೇಲೆಯೇ ಕೊನೆಗಾರ ಮರ ಹತ್ತುವುದು.

ಬರುವಾಗ ಆ ಚೀಲದಿಂದ ಒಂದು ಮುಷ್ಟಿ ಸುಣ್ಣವನ್ನು ಪೊಟ್ಟಣ ಕಟ್ಟಿಕೊಂಡು ಬಂದಿದ್ದೇನೆ. ಅದರಲ್ಲಿ ನಿಜವಾಗಿ ಎಷ್ಟು ಮೋಲ್ ಸುಣ್ಣವಿದೆ ಎಂಬುದನ್ನು ಮುಂದಿನ ಶನಿವಾರ ವಿದ್ಯಾರ್ಥಿಗಳಿಂದಲೇ ಆಮ್ಲದೊಡನೆ ಟೈಟ್ರೇಷನ್ ಮಾಡಿಸಿ, ಅಂದರೆ ಅದಕ್ಕೆ ಎಷ್ಟು ಆಮ್ಲ ಹಿಡಿಸುತ್ತದೆಂದು ಅಳೆಸಿ, ನೋಡಬೇಕೆಂದಿದ್ದೇನೆ.